ಹಾನಗಲ್ಲ – ಹಿರೇಕೆರೂರ, ವಾಯಾ ತಿಳವಳ್ಳಿ

ಪರದೆಯ ಮೇಲಿನ ಮುದುಕಿಯ ಕೋಟಿನ ಅಂಚು ಹಿಂದೆ ಒಂದು ಬೆರಳಷ್ಟು ಇಳಿದಿದೆ, ಮುಂದೆ ಸರಿಯಿದೆ, ಹಿಂದೆ ಇಳಿದಿದೆ, ಮುದುಕಿ ಬೆನ್ನು ಬಗ್ಗಿಸಿದ್ದಕ್ಕೆ ಹಾಗೆ ಕಾಣುತ್ತದೆ ಎನ್ನೋಣವೆಂದರೆ ಬೆನ್ನು ಬಗ್ಗಿದಾಗ ಹಿಂದಿನ ಅಂಚು ಮೇಲೇರಬೇಕು, ಇಳಿಯುವುದಿಲ್ಲ, ಮೀಸೆ ಮೂಡುವ ಮೊದಲೇ ಮಷಿನ್ ತುಳಿಯಲು ಕುಂತವನಿಗೆ ಅಷ್ಟು ಗೊತ್ತಾಗುತ್ತದೆ — ಕಂಪ್ಯೂಟರಿನೊಳಗೆ ಬಟ್ಟೆ ಹೊಲಿಯುವವರ ಹತ್ತಿರ ಟೇಪು ಇರುವುದಿಲ್ಲವೇನೋ. ಬೆಳಗಿನಿಂದ ಇವಳನ್ನೇ ನೋಡುತ್ತಿದ್ದೇನೆ. ಬಲಗಾಲು ಬಸ್ಸಿನ ಮೆಟ್ಟಿಲ ಮೇಲೆ, ಎಡಗಾಲು ನೆಲದ ಮೇಲೆ, ಎಡಗಾಲಿನ ಬೂಟು ಹಿಮ್ಮಡಿಯಿಂದ ಬೆರಳ ತನಕ ನೆಲಕ್ಕೆ ಅಂಟಿಕೊಂಡಿದೆ, ಕೈಯಲ್ಲಿ ಮಡಚಿದ ಛತ್ರಿ, ಹತ್ತುವುದಿಲ್ಲ, ಇಳಿಯುವುದೂ ಇಲ್ಲ. ಮೇಜಿಗೆ ಬಿಗಿದ ಪ್ಲಾಸ್ಟಿಕ್ ಸ್ಟೇರಿಂಗಿನ ಮೇಲೆ ತಾರಾಳ ಎರಡೂ ಕೈ, ರಬ್ಬರು ಸವೆದಲ್ಲಿ ಹಳೇ ಪ್ಯಾಂಟಿನ ಬಟ್ಟೆ ಸುತ್ತಿ ನಾನೇ ಹೊಲಿದು ಕೊಟ್ಟ ಸ್ಟೇರಿಂಗು, ಮದುವೆಯ ವಯಸ್ಸಿನ ಮಗಳು, ಹೆಸರು ತಾರಕೇಶ್ವರಿ, ಬೆನ್ನು ನೆಟ್ಟಗೆ, ಕಣ್ಣು ಆ ಮೆಟ್ಟಿಲ ಮೇಲಿನ ಕಾಲನ್ನು ಬಿಟ್ಟು ಸರಿಯುವುದಿಲ್ಲ. ತಾರಾ, ಒಂದು ತುತ್ತು ಉಣ್ಣವ್ವಾ ಅಂದೆ. ಉತ್ತರ ಎಲ್ಲಿಂದ ಬರಬೇಕು, ಡ್ರೈವರ್ ಜೊತೆ ಮಾತಾಡಬಾರದು ಅಂತ ಹಲಗೆ ಬರೆದು ನನ್ನ ಕಡೆಯಿಂದಲೇ ಮೊಳೆ ಹೊಡೆಸಿದ್ದಾಳೆ ಗೋಡೆಗೆ. ಒಂದು ಮಾತನ್ನು ಮಾತ್ರ ಅವಳ ಬಾಯಿಂದ ಬೆಳಗಿನಿಂದ ಎಷ್ಟು ಸಲ ಕೇಳಿದೆನೋ — ಒಂದ ಕಾಲ ಮೆಟ್ಟಲ ಮ್ಯಾಲ, ಒಂದ ಕಾಲ ನೆಲದ ಮ್ಯಾಲ ಇದ್ದಾಗ ಗಾಡಿ ಬಿಡಬಾರದು, ಬಂದ್ ಮಾಡಿ ಎದ್ದೂ ಹೋಗಬಾರದು. ಮೊದಲು ಇದು ಅವಳ ಅವ್ವನ ಮಾತು. ಶ್ವೇತಾ ಇಲ್ಲೇ ಹಾನಗಲ್ ಡಿಪೋದಲ್ಲಿ ಕಂಡಕ್ಟರು, ಕೆಲಸ ಸಿಕ್ಕ ಹೊಸತರಲ್ಲಿ ಅಡಿಗೆಮನೆಯಲ್ಲಿ ನಿಂತು ಊರುಗಳ ಹೆಸರು ಕೂಗಿ ರೂಢಿ ಮಾಡಿಕೊಳ್ಳುತ್ತಿದ್ದಳು, ಒಲೆಯ ಮುಂದೆ ಮಣೆ ಹಾಕಿಕೊಂಡು ಕುಂತ ಈ ಹುಡುಗಿ ಒಬ್ಬಳೇ ಪ್ಯಾಸೆಂಜರು. ಅದುವರೆಗೂ ಒಂದು ಮಾತಾಡದ ಮಗು ಒಂದು ದಿನ ಅಕ್ಕಿಆಲೂರ ಅಂದಿತು. ಅವ್ವ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ, ಅಕ್ಕಿಆಲೂರ ಅಂದಿತು, ಶ್ವೇತಾ ಕೈಯಲ್ಲಿನ ಲಟ್ಟಣಿಗೆ ಬಿಟ್ಟು ಅತ್ತಳು.

ಈ ಕಾಲರ್ ತಿರುಗಿಸಬೇಕು, ಇನ್ನೂ ಒಂದು ಗಂಟು ಕಾಲರ್ ಇವೆ, ನೀಲಿ ಬಟ್ಟೆ ಕಾಟಿನ ಮೇಲೂ ಕೆಳಗೂ, ಶಾಲೆ ಶುರುವಾಗಿ ಆಯಿತು, ಯೂನಿಫಾರ್ಮ ಸೋಮವಾರಕ್ಕೆ ಬೇಕ ಬೇಕು ಮಾಸ್ತರ ಎಂದು ಶಾಲೆಯ ಗುಮಾಸ್ತ ಎರಡು ಸಲ ಫೋನು ಮಾಡಿದ್ದಾನೆ, ಆಯ್ತರಿ ಆಯ್ತರಿ ಅಂದಿದ್ದೇನೆ, ಏನು ಆಯ್ತು. ಸೂಜಿಗೆ ದಾರ ಏರಿಸಲು ಹೋದರೂ ಕಣ್ಣು ಅತ್ತ ಓಡುತ್ತದೆ, ಆ ಬೂಟು, ಆ ಮೆಟ್ಟಿಲು. ಇದು ಬಸ್ಸು ಹೊಡೆಯುವ ಆಟ, ಯಾವುದೋ ಚಳಿದೇಶದ ಊರು, ಬೂದುಬಣ್ಣದ ಮನೆಗಳು, ರಸ್ತೆಯಲ್ಲಿ ಒಂದು ದನವಿಲ್ಲ ಒಂದು ನಾಯಿಯಿಲ್ಲ, ತಾರಾ ಚಿಕ್ಕವಳಿದ್ದಾಗ ಯಾರೋ ಸೀಡಿಯಲ್ಲಿ ಹಾಕಿಕೊಟ್ಟದ್ದು, ಆ ಸೀಡಿ ಎಂದೋ ಹಾಳಾಯಿತು, ಆಟ ಮಾತ್ರ ಹಳೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಉಳಿಯಿತು. ಆ ಊರಿಗೆ ಅದರದೇ ಹೆಸರುಗಳಿದ್ದಾವು, ನಮಗೆ ಗೊತ್ತಿಲ್ಲ, ತಾರಾಳಿಗೆ ಮೊದಲ ಸ್ಟಾಪು ಹಾನಗಲ್ಲ, ಗಡಿಯಾರದ ಗೋಪುರದ ಹತ್ತಿರ ಅಕ್ಕಿಆಲೂರ, ಸೇತುವೆ ದಾಟಿದರೆ ತಿಳವಳ್ಳಿ, ಕೊನೆಗೆ ಹಿರೇಕೆರೂರ. ದಿನಾ ಮಧ್ಯಾಹ್ನ ಗಾಡಿ ಬಿಡುತ್ತಾಳೆ. ತಿಳವಳ್ಳಿಯಲ್ಲಿ ಕೈ ಎತ್ತಿ ಹೇಳುತ್ತಾಳೆ, ಊಟಕ್ಕ ಹತ್ತ ನಿಮಿಷ, ಊಟಕ್ಕ ಹತ್ತ ನಿಮಿಷ, ಆಗ ತಾಟು ಅವಳ ಮುಂದಿರಬೇಕು, ರೊಟ್ಟಿ, ಪಲ್ಯ, ಶೇಂಗಾಪುಡಿ, ಮೊಸರು, ಒಂದು ಅಗುಳು ಬಿಡದೆ ಉಣ್ಣುತ್ತಾಳೆ, ಕೈ ತೊಳೆದು ಮತ್ತೆ ರೈಟ್. ತಿಳವಳ್ಳಿ ಬರದೆ ಊಟವಿಲ್ಲ. ರಾತ್ರಿ ಅವ್ವನ ಜೊತೆ ಹಾಲು ಕುಡಿಯುತ್ತಾಳೆ, ಅಷ್ಟೇ. ಮೊದಮೊದಲು ಹಟ ಎಂದುಕೊಂಡೆವು, ಬೈದೆವು, ಆಮೇಲೆ ಹುಬ್ಬಳ್ಳಿಯ ಡಾಕ್ಟರರೊಬ್ಬರು ಹೇಳಿದರು, ಇದು ಹಟ ಅಲ್ಲ, ಆಕಿಗೆ ದಿನ ಅನ್ನೂದು ಈ ದಾರಿ ಮ್ಯಾಲ ನಿಂತೈತಿ, ದಾರಿ ಕೆಡಿಸಬ್ಯಾಡ್ರಿ. ಕೆಡಿಸಲಿಲ್ಲ. ನಾವೂ ಹತ್ತಿದೆವು. ಪಕ್ಕದ ಮನೆಯ ಭರಮವ್ವ ದಿನಾ ಹಾನಗಲ್ಲಿನಲ್ಲಿ ಹತ್ತಿ ತಿಳವಳ್ಳಿಯಲ್ಲಿ ಇಳಿಯುತ್ತಾಳೆ, ಅಂದರೆ ನಮ್ಮ ಕಾಟಿನ ಮೇಲೆ ಕುಂತು ಅವರೇಕಾಯಿ ಸುಲಿದು ಎದ್ದು ಹೋಗುತ್ತಾಳೆ, ಆಟದೊಳಗಿನ ಈ ಛತ್ರಿ ಮುದುಕಿಗೂ ಅದಕ್ಕೇ ಭರಮವ್ವ ಎಂದೇ ಹೆಸರು. ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ತಾರಾಳ ಬಸ್ಸಿನಲ್ಲೂ ಹೆಣ್ಮಕ್ಕಳಿಗೆ ಪುಕ್ಕಟೆ, ನನಗೊಬ್ಬನಿಗೇ ಟಿಕೇಟು.

ಇಷ್ಟಕ್ಕೆಲ್ಲ ಕಾರಣ ಭಾನುವಾರ ಸಂಜೆಯ ಸಿಡಿಲು. ಹುಣಸೆಮರದ ಹತ್ತಿರ ಎಲ್ಲೋ ಬಿತ್ತು, ಮನೆಯ ಬಲ್ಬುಗಳು ಒಮ್ಮೆ ಬೆಳ್ಳಗಾಗಿ ಆರಿದವು, ಹೊಲಿಗೆ ಮಷಿನಿನ ಮೋಟಾರಿಗೆ ಏನೂ ಆಗಲಿಲ್ಲ, ಆಗಿದ್ದರೂ ನಡೆಯುತ್ತಿತ್ತು, ಕಾಲಿನಿಂದ ತುಳಿಯುತ್ತಿದ್ದೆ, ಸುಟ್ಟದ್ದು ಕಂಪ್ಯೂಟರು, ವಾಸನೆ ಮೂಗಿಗೆ ಬಂದಾಗಲೇ ಗೊತ್ತಾಯಿತು. ಸವಣೂರಿನ ಶಾಹಬಾಜನನ್ನು ಕರೆದೆ, ಕಂಪ್ಯೂಟರ್ ರಿಪೇರಿ ಅಂಗಡಿಯವನು, ಹಳೆಯದನ್ನು ಎಷ್ಟೋ ಸಲ ಬದುಕಿಸಿಕೊಟ್ಟವನು, ಬೈಕಿನಲ್ಲಿ ಬಂದ, ಬಿಚ್ಚಿದ, ಮೂಸಿದ, ಮಾಸ್ತರ, ಇದರ ಕತಿ ಮುಗೀತರಿ, ಆದ್ರ ಹಾರ್ಡ್‌ಡಿಸ್ಕ್ ಉಳದೈತಿ, ಹೊಸಾ ಮಷಿನ್ನಿಗೆ ಎಲ್ಲಾ ಹಾಕಿ ಕೊಡ್ತೇನಿ, ಚಿಂತಿ ಬಿಡ್ರಿ. ಮರುದಿನ ತಂದ. ಎಷ್ಟು ಸಣ್ಣದು, ಎಷ್ಟು ಚಂದ, ತುಟಿ ಪಿಟಕ್ಕೆನ್ನುವುದಿಲ್ಲ, ಹಳೆಯದು ಹಿಟ್ಟಿನ ಗಿರಣಿಯಂತೆ ಗುರುಗುಡುತ್ತಿತ್ತು. ಚಿಂತೆ ಬಿಡಲು ಹೇಳಿದವನೇ ಸಂಜೆಯ ತನಕ ತಲೆ ಕೆರೆದುಕೊಂಡ. ಆಟ ಚಾಲೂ ಮಾಡಿದರೆ ಸೀಡಿ ಹಾಕು ಅಂತ ಕೇಳಿತು, ಈ ಹೊಸದಕ್ಕೆ ಸೀಡಿ ಹಾಕುವ ಬಾಯಿಯೇ ಇಲ್ಲ. ಅದಕ್ಕೇನೋ ಮಾಡಿ ಸೀಡಿ ಇದೆಯೆಂದು ನಂಬಿಸಿದ. ಆಮೇಲೆ ಪರದೆ ಪೂರ್ತಿ ಕಪ್ಪು. ಆಮೇಲೆ ಚಿತ್ರ ಬಂತು, ಬಸ್ಸು ರೊಟ್ಟಿಯಂತೆ ಅಗಲವಾಗಿತ್ತು. ಅದು ಸರಿಹೋದರೆ ಸ್ಟೇರಿಂಗು ಗುರುತು ಹತ್ತಲಿಲ್ಲ, ತಾರಾ ಎಡಕ್ಕೆ ತಿರುಗಿಸಿದರೆ ಬಸ್ಸು ತನ್ನ ಪಾಡಿಗೆ ನೇರ ಹೋಗಿ ಚರ್ಚಿನ ಗೋಡೆಗೆ ಮೂತಿ ಇಟ್ಟಿತು. ಸ್ಟೇರಿಂಗಿಗೆ ಬುದ್ಧಿ ಬಂತೆನ್ನುವಷ್ಟರಲ್ಲಿ ಬಸ್ಸಿಗೆ ಹುಚ್ಚು ಹಿಡಿಯಿತು, ಹೊಸ ಮಷಿನ್ನು ಭಾಳ ಚುರುಕರಿ, ಅದಕ್ಕ ಆಟಾನೂ ಓಡಾಕತ್ತೈತಿ ಅಂದ, ಓಡುವುದೇನು, ಹಾನಗಲ್ಲಿನಲ್ಲಿ ನಿಲ್ಲದೆ ಹಾರಿದ ಬಸ್ಸು ತಾರಾ ಬಾಯಿ ತೆರೆಯುವುದರೊಳಗೆ ಅಕ್ಕಿಆಲೂರು ದಾಟಿ ಹೊಳೆಯಲ್ಲಿ ಬಿತ್ತು. ಅದಕ್ಕೂ ಮೂಗುದಾರ ಹಾಕಿದ. ಮೂರು ಸಲ ಬಂದು ಹೋದ, ಪೆಟ್ರೋಲಿಗೂ ರೊಕ್ಕ ಇಸಿದುಕೊಳ್ಳಲಿಲ್ಲ. ಮಾಸ್ತರ, ಒಂದ ಮಾತ ಹೇಳ್ಲ್ಯಾ, ಸಿಟ್ಟ ಮಾಡಬ್ಯಾಡ್ರಿ, ಹೊಸಾ ಬಸ್ ಆಟ ಬಂದಾವು, ನಮ್ಮ ಕೆಂಪ ಬಸ್ಸಽ ಇರ್ತಾವು, ನಮ್ಮ ರಸ್ತೆ, ಕುರಿ ಸೈತ ಅಡ್ಡ ಬರ್ತಾವು, ಹಾಕಿ ಕೊಡ್ಲೇನು. ಹಾಕಿದ. ತಾರಾ ಎರಡು ನಿಮಿಷ ನೋಡಿದಳು, ಎದ್ದು ನಿಂತು ಪರದೆಗೆ ಬೆನ್ನು ಮಾಡಿದಳು, ಇದು ತಿಳವಳ್ಳಿಗೆ ಹೋಗಂಗಿಲ್ಲ ಅಂದಳು. ಹೋಗುವುದಿಲ್ಲ ನಿಜ. ಅಂತೂ ಎಲ್ಲ ಸರಿಯಾಗಿ ನಿನ್ನೆ ಹಳೇ ಆಟ ಮೊದಲಿನ ಹಾಗೆಯೇ ಚಾಲೂ ಆಯಿತು, ತಾರಾ ಕುಂತಳು, ಬಸ್ಸು ಹೊರಟಿತು, ನಾನು ರೊಟ್ಟಿ ಬಿಸಿ ಮಾಡಲು ಎದ್ದೆ, ಮೊದಲ ಸ್ಟಾಪು, ಬಾಗಿಲು ತೆರೆಯಿತು, ಬಾಗಿಲು ತೆರೆದಾಗಲೆಲ್ಲ ಚಿತ್ರ ಬಸ್ಸಿನ ಹೊರಗೆ ಬಂದು ನಿಲ್ಲುತ್ತದೆ, ಛತ್ರಿ ಮುದುಕಿ ಬಂದಳು, ಬಲಗಾಲು ಎತ್ತಿದಳು, ಮೆಟ್ಟಿಲ ಮೇಲೆ ಇಟ್ಟಳು — ನಿಂತಳು. ಎಲ್ಲ ನಿಂತಿತು. ಒಂದು ಕಾಲು ಮೆಟ್ಟಿಲ ಮೇಲೆ.

ನಿನ್ನೆ ನಾನು ಮಾಡಬಾರದ್ದನ್ನು ಮಾಡಿದೆ ಎನ್ನುವಂತಿಲ್ಲ, ಯಾರಾದರೂ ಅದನ್ನೇ ಮಾಡುತ್ತಿದ್ದರು, ಗುಂಡಿ ಒತ್ತಿ ಬಂದ್ ಮಾಡಿದೆ, ಬಂದ್ ಮಾಡಿ ಮತ್ತೆ ಹಚ್ಚಿದರೆ ಸರಿಹೋಗುತ್ತದಲ್ಲ ಅಂತ. ಪರದೆ ಕಪ್ಪಾದ ಕೂಡಲೇ ತಾರಾ ಕೂಗಿದ ಕೂಗು ಓಣಿಯ ತುದಿಯ ತನಕ ಕೇಳಿತಂತೆ. ಬಿದ್ಲು, ಬಿದ್ಲು, ಭರಮವ್ವ ಬಿದ್ಲು. ತಲೆಯನ್ನು ಗೋಡೆಗೆ ಚಚ್ಚಿಕೊಂಡಳು, ನಡುವೆ ನನ್ನ ಕೈ ಇಟ್ಟೆ, ಕೈಯ ಮೇಲೆ ಚಚ್ಚಿಕೊಂಡಳು, ಇವತ್ತು ಕತ್ತರಿ ಹಿಡಿಯಲು ಬೆರಳು ಮಡಚುತ್ತಿಲ್ಲ. ಪಕ್ಕದ ಭರಮವ್ವ ಓಡಿ ಬಂದು ನಾ ಬಿದ್ದಿಲ್ಲವ್ವ, ನೋಡು ಇಲ್ಲೇ ಗಟ್ಟಿ ಅದೇನಿ ಅಂದರೂ ಕೇಳಲಿಲ್ಲ, ಬಿದ್ದವಳು ಬೇರೆ ಭರಮವ್ವ. ಹಾಗಾದರೆ ನಿಜವಾದ ಬಸ್ಸಿನಲ್ಲಿ ತಿಳವಳ್ಳಿಗೇ ಕರೆದುಕೊಂಡು ಹೋಗಿ ಉಣಿಸಿಕೊಂಡು ಬರ್ರಿ ಎನ್ನುತ್ತಾರೆ ಜನ, ಹೇಳುವವರಿಗೆ ಏನು, ಕರೆದುಕೊಂಡು ಹೋಗಿದ್ದೆವು ಒಂದು ಸಲ ಶ್ವೇತಾಳ ಗಾಡಿಯಲ್ಲೇ, ಬಸ್ ಸ್ಟ್ಯಾಂಡಿನ ಸಪ್ಪಳಕ್ಕೇ ಕಿವಿ ಮುಚ್ಚಿ ನೆಲಕ್ಕೆ ಕುಂತಳು, ಸಪ್ಪಳ ಆಗುವುದೇ ಇಲ್ಲ ಅವಳಿಗೆ, ನನ್ನ ಮಷಿನಿನ ಸಪ್ಪಳವೊಂದು ಬಿಟ್ಟು. ಸೋಮವಾರದಿಂದ ಹೊಟ್ಟೆಗೆ ಹಾಲು, ಮಜ್ಜಿಗೆ, ಅವೂ ಅವ್ವ ಮನೆಯಲ್ಲಿದ್ದಾಗ. ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು, ಕಣ್ಣಿಗೆ ಕತ್ತಲೆ ಬಂದಿರಬೇಕು. ಡಾಕ್ಟರರು ಫೋನಿನಲ್ಲಿ ಹೇಳಿದರು, ಇವತ್ತೂ ಉಣ್ಣಲಿಲ್ಲಂದ್ರ ನಾಳೆ ಕರಕೊಂಡ ಬರ್ರಿ, ಸಲೈನ್ ಹಚ್ಚಬೇಕಾಗ್ತದ. ಸಲೈನ್. ಬಳೆ ತೊಡಿಸಲು ಮುಂಗೈ ಹಿಡಿದರೆ ಮೈಯೆಲ್ಲ ಸೆಟೆಯುವವಳಿಗೆ ಸೂಜಿ ಚುಚ್ಚಿ ನಾಲ್ಕು ಜನ ಹಿಡಿದು, ಅವಳನ್ನು ನಾಲ್ಕು ಜನ ಹಿಡಿದು — ಬೇಡ. ಇವತ್ತು ಬೆಳಿಗ್ಗೆ ತಾನೇ ಕಂಪ್ಯೂಟರು ಹಚ್ಚಿದಳು, ನಾನು ಬೇಡ ಎನ್ನುವ ಮೊದಲೇ, ಬಿದ್ದವಳನ್ನು ಎತ್ತಿ ಕೂರಿಸಬೇಕಿತ್ತೇನೋ. ಮತ್ತೆ ಅದೇ ಸ್ಟಾಪು, ಅದೇ ಛತ್ರಿ, ಅದೇ ಬೂಟು. ಅಪ್ಪಾ, ಬಂದ್ ಮಾಡಂಗಿಲ್ಲ, ಹತ್ತಾಕತ್ತಾಳ. ಇಲ್ಲವ್ವಾ, ಮಾಡಂಗಿಲ್ಲ. ಆಣೆ ಮಾಡಿದೆ. ಈಗ ಪರದೆಯ ಮೇಲೆ ಬೆಳ್ಳಗೆ ಮಂಜು ಕವಿಯುತ್ತದೆ, ನಡುವೆ ಒಂದು ಸಣ್ಣ ಡಬ್ಬಿ ಏಳುತ್ತದೆ, ಈ ಆಟ ಉತ್ತರ ಕೊಡುತ್ತಿಲ್ಲ, ಮುಚ್ಚಬೇಕೋ ಕಾಯಬೇಕೋ ಅಂತ ಇಂಗ್ಲಿಷಿನಲ್ಲಿ ಕೇಳುತ್ತದೆ, ತಾರಾ ಒಂದು ಕೈ ಸ್ಟೇರಿಂಗಿನಲ್ಲೇ ಇಟ್ಟು ಇನ್ನೊಂದು ಕೈಯಿಂದ ಕಾಯುವ ಗುಂಡಿ ಒತ್ತುತ್ತಾಳೆ. ಮತ್ತೆ ಏಳುತ್ತದೆ. ಮತ್ತೆ ಒತ್ತುತ್ತಾಳೆ. ಎಂಥಾ ತಾಳ್ಮೆ, ನನಗೆ ಇದ್ದಿದ್ದರೆ ಆಗುತ್ತಿತ್ತು, ನನಗೆ ಈ ಡಬ್ಬಿಯನ್ನು ಕತ್ತರಿಯಿಂದ ಇರಿದು ಹಾಕಬೇಕೆನಿಸುತ್ತದೆ.

ಇನ್ನಾ ಹತ್ತಿಲ್ಲೇನೋ ತಮ್ಮಾ ನಾನು, ಎಂದು ಬಾಗಿಲಲ್ಲಿ ದನಿ, ಇದು ನಿಜವಾದ ಭರಮವ್ವ, ಸೆರಗಿನಲ್ಲಿ ಅವರೇಕಾಯಿ, ಕಾಟಿನ ಮೇಲಿನ ನೀಲಿ ಬಟ್ಟೆ ಸರಿಸಿ ಕುಂತಳು. ಇಲ್ಲ ಯವ್ವಾ. ಅಯ್ಯ, ನಿನ್ನಿಯಿಂದ ಒಂಟಿಗಾಲಾಗ ನಿಂದ್ರಿಸೀರಿ, ನನ್ನ ಮೊಣಕಾಲ ಅದಕ್ಕಽ ಹಿಡದಾವೇನ. ನಗು ಬರಲಿಲ್ಲ ನನಗೆ, ಬಂದಿದ್ದರೂ ತುಟಿಗೆ ತರುವ ಶಕ್ತಿ ಇರಲಿಲ್ಲ. ಆಕೆ ಪರದೆಯ ಕಡೆ ಕುತ್ತಿಗೆ ಚಾಚಿ ನೋಡಿದಳು, ನಾ ಇಷ್ಟ ದಪ್ಪ ಇಲ್ಲ ಬಿಡು ಅಂದಳು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ಕೂಸಿನ ಮಾರಿ ನೋಡ್ಯೇನು, ತುಟಿ ಒಡದಾವು, ಏನರೆ ಮಾಡೋ. ಏನು ಮಾಡಲಿ, ಏನು ಮಾಡಲಿ ಯವ್ವಾ, ತೋಳು ಇಳಿದಿದ್ದರೆ ಬಿಚ್ಚಿ ಹೊಲಿಯುತ್ತಿದ್ದೆ, ಬಿಗಿಯಾಗಿದ್ದರೆ ಅಂಚು ಬಿಡುತ್ತಿದ್ದೆ, ಈ ಸುಡುಗಾಡು ಎಲ್ಲಿ ಹರಿದಿದೆ ಎಂದೇ ಕಾಣುವುದಿಲ್ಲವಲ್ಲ, ಎಂದು ದನಿ ಏರಿಸಿಬಿಟ್ಟೆ, ತಾರಾಳ ಹೆಗಲು ಕಿವಿಯ ತನಕ ಎದ್ದವು, ತಪ್ಪಾಯ್ತವ್ವಾ, ಸಣ್ಣಗೆ ಮಾತಾಡ್ತೇನಿ. ಫೋನು ಹಿಡಿದು ಅಂಗಳಕ್ಕೆ ಬಂದು ಶಾಹಬಾಜನಿಗೆ ಹಚ್ಚಿದೆ, ನಲ್ಲಿಯ ಹತ್ತಿರ ನಿಂತೆ, ಕಿಟಕಿಯಿಂದ ಅವಳ ಬೆನ್ನು ಕಾಣುತ್ತದೆ, ಬೆನ್ನಿನಾಚೆ ಆ ಬೂಟು. ಮಾಸ್ತರ, ನಾ ರಾತ್ರಿಯೆಲ್ಲಾ ಅದನ್ನಽ ಹುಡಿಕೇನಿ, ಹಿಂಗ ಆಗಬಾರದಿತ್ರಿ, ನಮ್ಮ ಮನಿಯಾಕಿ ಗುಲ್ನಾರ ಬೈದು ಮಲಗಸಿದ್ಲು, ಒಮ್ಮೆ ಮತ್ತ ಹೇಳ್ರಿ, ಆ ಮುದಕಿ ಕಾಲ ಇಟ್ಟಾಗ ಮೊದ್ಲಿನ ಮಷಿನ್ನಿನ್ಯಾಗ ಏನಾಗ್ತಿತ್ತು. ಏನಾಗ್ತಿತ್ತು, ಹತ್ತತಿದ್ಲು. ಹಂಗಲ್ರಿ, ಕಾಲ ಇಟ್ಟ ಕೂಡ್ಲೆ ಏನ ಬರ್ತಿತ್ತು, ಲೈಟ್ ಹತ್ತತಿತ್ತೇನು, ಏನರೆ ಬರಹ. ಏನೂ ಇಲ್ಲ ಶಾಹಬಾಜ, ಸುಮ್ನ ಹತ್ತತಿದ್ಲು — ಹತ್ತುತ್ತಿದ್ದಳೇ, ಸುಮ್ಮನೆ ಹತ್ತುತ್ತಿದ್ದಳೇ, ತಡಿ, ಭಾಳ ಹಿಂದೆ, ಸೀಡಿಯಿಂದ ಹಾಕಿದ ಮೊದಲ ವಾರ, ತಾರಾ ಇನ್ನೂ ನನ್ನ ಮೊಣಕಾಲೆತ್ತರ, ಪ್ಯಾಸೆಂಜರು ಮೆಟ್ಟಿಲ ಮೇಲೆ ಕಾಲಿಟ್ಟಾಗ ಗಂಟೆ ಹೊಡೆಯುತ್ತಿತ್ತು, ಟಣ್ ಎಂದು, ಹಿತ್ತಾಳೆಯ ಗಂಟೆ, ತಾರಾ ಎರಡೂ ಕಿವಿ ಮುಚ್ಚಿ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದಳು, ಅದಕ್ಕೇ ದನಿಯ ಗುಂಡಿಯನ್ನು ಪೂರ್ತಿ ಇಳಿಸಿ ಅದರ ಮೇಲೆ ಪಟ್ಟಿ ಅಂಟಿಸಿದ್ದೆ, ಗಂಟೆ ಇತ್ತು ಎಂಬುದೇ ಮರೆತುಹೋಗಿತ್ತು. ಗಂಟಿ ಹೊಡಿತಿತ್ತೋ ಶಾಹಬಾಜ. ಆ ಕಡೆ ಕುರ್ಚಿ ಸರಿದ ಸಪ್ಪಳ. ಶಾಹಬಾಜ. ಮಾಸ್ತರ, ಎಂದ, ದನಿ ಇಳಿದಿತ್ತು, ಮಾಸ್ತರ, ಆಕಿಗೆ ಸಪ್ಪಳ ಆಗಂಗಿಲ್ಲಂತ ನಾ ಸೌಂಡ್ ಅನ್ನೂದನ್ನಽ ತಗದ್ಬಿಟ್ಟೇನಿರಿ, ಸಣ್ಣ ಮಾಡಿಲ್ಲ, ಬುಡದಿಂದ ತಗದೇನಿ, ಯಾರೂ ಹೇಳಿದ್ದಿಲ್ಲ, ನಾನಽ, ಅಪ್ಪಿ ತಪ್ಪಿ ಒಮ್ಮೆ ಹೊಯ್ಕೊಂತಂದ್ರ ಕೂಸಿಗೆ ತ್ರಾಸ ಆಗ್ತೈತಂತ. ಆಟ ಗಂಟಿ ಹೊಡೀಬೇಕಂತ ಹುಡಕ್ತೈತಿ, ಗಂಟಿ ಇಲ್ಲ, ಅಲ್ಲೇ ನಿಂದ್ರತೈತಿ. ನಲ್ಲಿಯಿಂದ ಒಂದೊಂದೇ ಹನಿ. ಇಷ್ಟೇನಾ. ಒಳ್ಳೆಯದು ಮಾಡಲು ಹೋಗಿ, ಅವನಿಗೆ ಏನೆಂದು ಬೈಯಲಿ, ನನ್ನ ಮಗಳ ಕಿವಿಯನ್ನು ನೆನಪಿನಲ್ಲಿ ಇಟ್ಟುಕೊಂಡು ಸವಣೂರಿನಿಂದ ಬಂದವನಿಗೆ. ಈಗ ಏನ್ ಮಾಡ್ಬೇಕು ಹೇಳೋ. ಭಾಳ ಸಸಾರ ಐತ್ರಿ, ಆಟ ಬಂದ್ ಮಾಡ್ರಿ, ಸೌಂಡ್ ಚಾಲೂ ಮಾಡೂದು ನಾ ಹೇಳ್ತೇನಿ, ಆಮ್ಯಾಲ ದನಿ ಸೊನ್ನಿಗೆ ಇಳಿಸಿ ಮತ್ತ ಹಚ್ಚರಿ, ಐದ ನಿಮಿಷದ ಕೆಲಸ. ಆಟ ಬಂದ್ ಮಾಡ್ರಿ.

ಬಂದ್ ಮಾಡ್ರಿ ಅಂತ ಹೇಳುವುದು ನಾಲ್ಕು ಅಕ್ಷರ. ಒಳಗೆ ಬಂದೆ. ತಾರಾ, ಗಾಡಿ ಒಂದ ಸಲ ಬಂದ್ ಮಾಡೂಣವ್ವಾ, ರಿಪೇರಿ ಐತಿ. ಹತ್ತಾಕತ್ತಾಳ. ಬಂದ್ ಮಾಡಿದ್ರಽ ಹತ್ತತಾಳವ್ವಾ. ಒಂದ ಕಾಲ ಮೆಟ್ಟಲ ಮ್ಯಾಲ ಒಂದ ಕಾಲ ನೆಲದ ಮ್ಯಾಲ ಇದ್ದಾಗ — ಗೊತ್ತೈತಿ, ಗೊತ್ತೈತವ್ವಾ. ಮೇಜಿನ ಕೆಳಗಿನ ಸ್ವಿಚ್ಚಿನ ಕಡೆ ನನ್ನ ಕಣ್ಣು ಹೋಯಿತು, ಅವಳ ಕಾಲು ಅಲ್ಲಿಗೆ ಬಂದು ಸ್ವಿಚ್ಚಿನ ಮುಂದೆ ನಿಂತಿತು, ಕಣ್ಣು ಪರದೆಯಿಂದ ಕದಲದೆಯೇ. ಭರಮವ್ವ ಎದ್ದು ನಿಂತು, ನಾ ಇಳದೆ ನೋಡವ್ವ, ನನಗ ಊರಿಗೆ ಹೋಗೂದಿಲ್ಲ, ಗಾಡಿ ತಗೀ ಅಂದಳು. ತಾರಾ ತಲೆ ಅಲ್ಲಾಡಿಸಿದಳು, ನೀ ಅಲ್ಲ. ಎಷ್ಟು ಸ್ಪಷ್ಟ, ನೀ ಅಲ್ಲ. ಅವಳು ಸುಳ್ಳನ್ನು ಸುಳ್ಳೆಂದು ತಕ್ಷಣ ಗುರುತು ಹಿಡಿಯುತ್ತಾಳೆ, ನನಗೆ ತಿಳಿದಂತೆ ಈ ಓಣಿಯಲ್ಲಿ ಸುಳ್ಳು ಹೇಳದವಳು ಅವಳೊಬ್ಬಳೇ. ಫೋನು ನಡುಗಿತು, ಶ್ವೇತಾ. ಅಕ್ಕಿಆಲೂರದಾಗ ಅದೇನಿ, ಗಾಡಿ ತುಂಬೇತಿ, ಎರಡ ಮಿನಿಟ್ ಐತಿ, ಉಂಡಳೇನ್ರಿ. ಇಲ್ಲ. ಕೇಳಿಸಿದ್ದು ಅವಳ ಹಿಂದೆ ಯಾರೋ ಅಕ್ಕಾರ ನಮ್ಮ ಚೀಲ ಒಳಗ ತೊಗೋರಿ ಎನ್ನುವುದು. ಎಲ್ಲ ಹೇಳಿದೆ, ಗಂಟೆ, ಶಾಹಬಾಜ, ಐದು ನಿಮಿಷ, ಬಂದ್ ಮಾಡಿದರೆ ಸಾಕು, ಬಂದ್ ಮಾಡಲು ಬಿಡುತ್ತಿಲ್ಲ, ಸ್ವಿಚ್ಚಿನ ಮೇಲೆ ಕಾಲಿಟ್ಟುಕೊಂಡು ಕುಂತಾಳ, ನಿನ್ನಽ ಮಾತು ನನಗ ಹೇಳ್ತಾಳ, ಏನು ಕಲಿಸಿಟ್ಟಿ ಇದನ್ನ, ಎಂದು ಅವಳ ಮೇಲೆ ಹರಿಹಾಯ್ದೆ, ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದಿಟ್ಟು ಹೋದವಳ ಮೇಲೆ. ರೀ, ಗಾಡಿ ಕೆಟ್ಟ ನಿಂತಾಗ ನಾವ್ ಹಂಗ ಬಂದ್ ಮಾಡಿ ಹೋಗ್ತೇವೇನು, ಅಂದಳು, ಫೋನ್ ಆಕಿ ಬಾಜೂಕ ಇಡ್ರಿ, ದನಿ ಸಣ್ಣ ಮಾಡಿ ಇಡ್ರಿ. ಇಟ್ಟೆ. ಮತ್ತೆ ಬಂದದ್ದು ಮನೆಯ ಶ್ವೇತಾಳ ದನಿಯಲ್ಲ, ಮೂಗಿನಿಂದ ಬರುವ ಆ ಡ್ಯೂಟಿಯ ದನಿ, ಗಾಡಿ ಬ್ರೇಕ್‌ಡೌನ್ ಆಗೇತ್ರಿ, ಗಾಡಿ ಮುಂದ ಹೋಗಂಗಿಲ್ಲ, ಎಲ್ಲಾರೂ ಸಾವಕಾಶ ಇಳೀರಿ, ಮೆಟ್ಟಲ ಮ್ಯಾಲ ಇದ್ದಾವ್ರು ಮೊದ್ಲ ಇಳೀರಿ, ಟಿಕೇಟ ಜ್ವಾಕಿ ಇಟ್ಕೋರಿ, ಇದಽ ಟಿಕೇಟ ಹಿಂದಿನ ಗಾಡಿಗೆ ನಡೀತೈತಿ. ಅಷ್ಟರಲ್ಲಿ ಅಲ್ಲಿ, ಅಕ್ಕಿಆಲೂರಿನಲ್ಲಿ, ನಿಜವಾದ ಬಸ್ಸಿನಲ್ಲಿ ಗದ್ದಲ ಎದ್ದಿತು, ಏನಾತ್ರಿ ಬಾಯಾರ, ಈಗ ಸೀಟ ಹಿಡದೇವಿ, ಛೀ ಇವ್ರ ಗಾಡಿ ಹಾಳಾಗ್ಲಿ, ಯವ್ವಾ ಏಳು ಇಳಿ, ಆ ಗಂಟ ತೊಗೋ, ಹಿಂದಿನ ಗಾಡಿ ಯಾವಾಗ ಬರ್ತೈತ್ರಿ — ಒಬ್ಬರ ಮೇಲೊಬ್ಬರು ಇಳಿಯುವ ಸಪ್ಪಳ, ಕೋಳಿಯೊಂದು ಕೂಗಿತು, ಮಗುವೊಂದು ಅತ್ತಿತು, ಶ್ವೇತಾಳ ನಿಮಗಲ್ರಿ, ನಿಮಗಲ್ಲ, ಕುಂದರ್ರಿ ಎನ್ನುವ ಮಾತು ಅರ್ಧಕ್ಕೇ ಕಟ್ಟಾಯಿತು. ಭರಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತ ಅಲುಗುತ್ತಿದ್ದಳು. ನನಗೆ ತಾರಾಳನ್ನು ಬಿಟ್ಟು ಯಾರೂ ಕಾಣಲಿಲ್ಲ. ತಲೆಯನ್ನು ಫೋನಿನ ಕಡೆ ಓರೆ ಮಾಡಿ ಕೇಳುತ್ತಿದ್ದಳು, ಬೈಗುಳ, ಗಂಟು, ಕೋಳಿ, ಎಲ್ಲವನ್ನೂ, ಇಳೀತಾರ ಅಂದಳು. ಹೂಂ ಅವ್ವಾ, ಇಳೀತಾರ. ಕೈ ಸ್ಟೇರಿಂಗಿನಿಂದ ಬಿಟ್ಟಳು, ಬೆಳಗಿನಿಂದ ಮೊದಲ ಸಲ, ಬೆರಳು ಬಾಗಿದಂತೆಯೇ ಇದ್ದವು, ಅವನ್ನು ಒಂದೊಂದಾಗಿ ಬಿಡಿಸಿಕೊಂಡಳು, ಪರದೆಯ ಮುದುಕಿಗೆ ಹೇಳಿದಳು, ಭರಮವ್ವಾ, ಮೆಟ್ಟಲ ಇಳೀರಿ, ಟಿಕೇಟ ಜ್ವಾಕಿ. ಡಬ್ಬಿ ಎದ್ದಿತು, ಮುಚ್ಚಬೇಕೋ ಕಾಯಬೇಕೋ. ಅವಳೇ, ಅವಳ ಬೆರಳಿನಿಂದಲೇ, ಇನ್ನೊಂದು ಗುಂಡಿ ಒತ್ತಿದಳು.

ಅಪ್ಪಾ, ಹಿಂದಿನ ಗಾಡಿ. ಹೂಂ, ಬಂತವ್ವಾ, ಬಂತು. ಶಾಹಬಾಜ ಮತ್ತೆ ಲೈನಿನಲ್ಲಿದ್ದಾನೆ, ಬಲಗಡೆ ಕ್ಲಿಕ್ ಮಾಡ್ರಿ, ಕೆಳಗ ನೋಡ್ರಿ ಬೂದು ಬಣ್ಣದ ಸ್ಪೀಕರ್ ಚಿತ್ರ ಐತಿ, ಐತೇನ್ರಿ, ಐತಿ, ಅದರ ಮ್ಯಾಲ, ಎನೇಬಲ್ ಅನ್ನೂದು, ಒತ್ತರಿ — ನನ್ನ ಬಾತ ಬೆರಳು ಎರಡು ಸಲ ಬೇರೆ ಕಡೆ ಬಿತ್ತು, ಸೂಜಿಗೆ ದಾರ ಏರಿಸುವ ಬೆರಳು, ಮೂರನೆಯ ಸಲ ಬಿತ್ತು, ಬೂದು ಕರಿಯಾಯಿತು. ಈಗ ದನಿ ಸೊನ್ನಿಗೆ, ಪೂರ್ತಿ ಸೊನ್ನಿಗೆ ಮಾಸ್ತರ, ನೋಡ್ಕೋರಿ. ನೋಡಿದೆ, ಮತ್ತೆ ನೋಡಿದೆ, ಸ್ಪೀಕರಿನ ವೈರು ಎಲ್ಲೂ ಸಿಕ್ಕಿಸಿಲ್ಲ ಎಂದು ಮೇಜಿನ ಹಿಂದೆ ಬಗ್ಗಿ ನೋಡಿದೆ. ಆಟ ಚಾಲೂ ಆಯಿತು, ಸೀಡಿ ಇದೆಯೆಂದು ನಂಬಿತು, ಕಪ್ಪಾಯಿತು, ಬೆಳಗಾಯಿತು, ಡಿಪೋ, ತಾರಾ ಕುಂತಳು, ಬೆನ್ನು ನೆಟ್ಟಗೆ, ಕೈ ಪ್ಯಾಂಟಿನ ಬಟ್ಟೆಯ ಮೇಲೆ, ರೈಟ್. ಇದೂ ಆಗದಿದ್ದರೆ. ಗಂಟೆಯಲ್ಲದೆ ಬೇರೇನಾದರೂ ಇದ್ದರೆ, ಒಂದು ಹೊಲಿಗೆ ಬಿಚ್ಚಿದರೆ ಅದರ ಕೆಳಗೆ ಇನ್ನೊಂದು, ಈ ವಾರವೆಲ್ಲ ಹಾಗೇ ಆಗಿದೆ, ಇದೂ ನಿಂತರೆ ಮತ್ತೊಂದು ಸಲ ಬ್ರೇಕ್‌ಡೌನ್ ಎಂದರೆ ನಂಬುತ್ತಾಳೆಯೇ, ನಾಳೆ ಆಸ್ಪತ್ರೆಯ ಬಾಗಿಲು, ನಾಲ್ಕು ಜನ, ಸೂಜಿ, ರೊಟ್ಟಿ ಬಿಸಿ ಮಾಡಲು ಏಳಬೇಕು, ಮೊದಲ ಸ್ಟಾಪು ದಾಟಲಿ, ಆಮೇಲೆ. ಭರಮವ್ವ ಅವರೇಕಾಯಿ ಸುಲಿಯುವುದನ್ನು ನಿಲ್ಲಿಸಿದ್ದಾಳೆ. ಬೂದು ಮನೆಗಳು, ತಿರುವು, ಬಸ್ಸು ತಿರುವಿನಲ್ಲಿ ಮೆತ್ತಗೆ ಬಾಗುತ್ತದೆ, ಅವಳು ಎಷ್ಟು ಚಂದ ಹೊಡೆಯುತ್ತಾಳೆ, ಹಾನಗಲ್ಲ, ಹಾನಗಲ್ಲ, ಮುಂದ ಸರೀರಿ, ಬ್ರೇಕು, ಬಾಗಿಲು. ಚಿತ್ರ ಹೊರಗೆ ಬಂದು ನಿಂತಿತು. ಛತ್ರಿ ಬಂತು, ಅಂಚು ಇಳಿದ ಕೋಟು ಬಂತು. 

ಬಲಗಾಲು ಎತ್ತಿದಳು. ಇಟ್ಟಳು. ಒಂದು ಕಾಲು ಮೆಟ್ಟಿಲ ಮೇಲೆ. ಒಂದು ಕಾಲು ನೆಲದ ಮೇಲೆ, ಬೂಟು ನೆಲಕ್ಕೆ ಅಂಟಿ, ಅದೇ, ಅದೇ ಕಾಲು, ಮೆಟ್ಟಿಲ ಮೇಲೆ, ನೆಲದ ಮೇಲೆ, ಹಿಮ್ಮಡಿ — ಹಿಮ್ಮಡಿ ನೆಲ ಬಿಟ್ಟಿದೆ, ಬೆರಳು ಇನ್ನೂ ನೆಲದಲ್ಲೇ, ಹಿಮ್ಮಡಿ ನೆಲ ಬಿಟ್ಟಿದೆ, ಕೂದಲೆಳೆಯಷ್ಟು, ಹಿಮ್ಮಡಿ ಏಳುತ್ತಿದೆ.